ಅಕ್ಕನ ಸೊಂಟದ ಸುಣ್ಣದ ಕಲೆ

ಅಕ್ಕನ ಸೊಂಟದ ಮೇಲೆ ಒಂದು ಕಪ್ಪು ಕಲೆ ಇತ್ತು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಎಡಗಡೆಗೆ, ತೊಗರಿಕಾಳಿನಷ್ಟು ದೊಡ್ಡದು. ಅದನ್ನು ಭಾವ ನೋಡಿದ್ದರು, ನಾನು ನೋಡಿದ್ದೆ, ಸಿದ್ದಾಪುರದಲ್ಲಿ ಒಬ್ಬ ಡಾಕ್ಟರು ನೋಡಿದ್ದರು, ಶಿರಸಿಯ ಆಸ್ಪತ್ರೆಯ ನರ್ಸು ನೋಡಿದ್ದಳು. ಇವತ್ತಿಗೂ ಯಾರಾದರೂ ಆ ಕಲೆಯ ಮಾತು ಎತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಜೀವ ಹೋಗುವುದರಲ್ಲಿತ್ತು, ಅದು ಯಾಕೆ ಹೋಗುತ್ತಿದೆ ಎಂದು ಹೇಳುವ ಗುರುತು ಕಣ್ಣೆದುರಿಗೇ ಇತ್ತು, ನಾವೆಲ್ಲ ಅದನ್ನು ಕಂಡು, ಹೆಸರಿಟ್ಟು, ಮತ್ತೆ ಸೀರೆ ಮುಚ್ಚಿದ್ದೆವು.

ನಾನು ಸಿದ್ದಾಪುರದ ಕಡೆ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅದಕ್ಕೂ ಮೊದಲು ಯಲ್ಲಾಪುರದಲ್ಲಿ ಕೆಲವು ವರ್ಷ ಇದ್ದೆ. ಎಲ್ಲಿದ್ದರೂ ಎಂಟನೇ ಕ್ಲಾಸಿನ ಮೊದಲ ಪಾಠದ ದಿನ ಬೋರ್ಡಿನ ಮೇಲೆ ಬರೆಯುವುದು ಒಂದೇ ಮಾತು. ಮೊದಲು ಅವಲೋಕನ, ಆಮೇಲೆ ಊಹೆ, ಆಮೇಲೆ ಪ್ರಯೋಗ. ಏನನ್ನೂ ಮೊದಲೇ ನಂಬಿಕೊಳ್ಳದೆ, ಮನಸ್ಸು ಖಾಲಿ ಇಟ್ಟುಕೊಂಡು ನೋಡಬೇಕು ಮಕ್ಕಳೇ ಎಂದು ಗಂಟಲು ಹರಿದುಕೊಳ್ಳುವುದು. ಖಾಲಿ ಮನಸ್ಸಂತೆ! ಖಾಲಿ ಡಬ್ಬ ಹುಡುಕಿದರೆ ಅಡುಗೆಮನೆಯಲ್ಲಿ ಸಿಕ್ಕೀತು, ಖಾಲಿ ಮನಸ್ಸು ಎಲ್ಲಿ ಸಿಗುತ್ತದೆ? ಪಠ್ಯಪುಸ್ತಕದಲ್ಲಿ ಅದನ್ನು ಬರೆದ ಪುಣ್ಯಾತ್ಮರನ್ನು ಒಂದು ಚಳಿಗಾಲ ನಮ್ಮ ಕಡೆ ತಂದು ಕೂರಿಸಬೇಕು.

ಚಳಿ ಶುರುವಾಗಿ ಎಲೆ ಉದುರತೊಡಗಿದರೆ ನಮ್ಮಲ್ಲಿ ಜ್ವರಕ್ಕೆ ಒಂದೇ ಹೆಸರು: ಮಂಗನ ಕಾಯಿಲೆ. ಕಾಡಿನಲ್ಲಿ ಮಂಗ ಸಾಯುತ್ತದೆ. ಅದರ ಮೈಮೇಲಿದ್ದ ಉಣುಗು ಎಂಬ ರಕ್ತ ಹೀರುವ ಹುಳ ಕೆಳಗಿಳಿದು ಒಣಗಿದ ಎಲೆಯಲ್ಲಿ ಸೇರಿಕೊಳ್ಳುತ್ತದೆ. ಆ ಒಣ ಎಲೆಗೆ ನಾವು ದರಕು ಎನ್ನುತ್ತೇವೆ. ದನದ ಕೊಟ್ಟಿಗೆಗೆ ಹಾಸಲು ಅದನ್ನು ಗುಡಿಸಿ ತರಬೇಕು. ಗುಡಿಸಲು ಹೋದವರಿಗೆ ಉಣುಗು ಕಚ್ಚುತ್ತದೆ, ಕಚ್ಚಿದವರಲ್ಲಿ ಕೆಲವರಿಗೆ ಜ್ವರ ಬರುತ್ತದೆ, ಅವರಲ್ಲಿ ಕೆಲವರು ಎದ್ದು ಬರುವುದಿಲ್ಲ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬೈದು ಬಿಸಾಡಬಹುದಿತ್ತು. ನಿಜವಾದದ್ದೇ ನಮ್ಮನ್ನು ಕುರುಡು ಮಾಡಿತು ಎಂಬುದು ನನ್ನ ಸಂಕಟ.

ಇಲಾಖೆಯವರು ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ಅದನ್ನು ಹಚ್ಚಿಕೊಳ್ಳುವವರು ಹಚ್ಚಿಕೊಳ್ಳುತ್ತಾರೆ. ಆದರೆ ನಮ್ಮ ಹೆಂಗಸರಿಗೆ ಎಲ್ಲಕ್ಕಿಂತ ದೊಡ್ಡ ಔಷಧ ಸುಣ್ಣ. ಉಣುಗು ಕಚ್ಚಿದ್ದು ಕಂಡರೆ ಕಿತ್ತು ತೆಗೆದು, ಎಲೆ ಅಡಕೆ ತಟ್ಟೆಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಅಲ್ಲಿ ಒತ್ತಿಬಿಡುವುದು. ತುರಿಕೆ ನಿಲ್ಲುತ್ತದಂತೆ, ನಂಜು ಏರುವುದಿಲ್ಲವಂತೆ. ಸುಣ್ಣ ಚರ್ಮವನ್ನು ಸುಡುತ್ತದೆ. ಕೆಲವು ದಿನಕ್ಕೆ ಅಲ್ಲಿ ಕರಿ ಹಕ್ಕಳೆ ಕಟ್ಟುತ್ತದೆ. ಚಳಿಗಾಲದಲ್ಲಿ ನಮ್ಮ ಕಡೆಯ ಯಾವ ಹೆಂಗಸಿನ ಕಾಲು ನೋಡಿದರೂ ಅಂಥ ಕಲೆ ನಾಲ್ಕಾರು ಇದ್ದೇ ಇರುತ್ತವೆ. ನೋಡಿದವರು "ಉಣುಗಾ?" ಎಂದು ಕೇಳುತ್ತಾರೆ, ಹಚ್ಚಿಕೊಂಡವರು "ಹೂಂ" ಎನ್ನುತ್ತಾರೆ, ಮಾತು ಮುಗಿಯಿತು.

ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅವ್ವ ಹೋದಾಗ ನಾನು ಇನ್ನೂ ಜಡೆ ಹಾಕಿಕೊಳ್ಳಲು ಬಾರದವಳು. ತಲೆ ಬಾಚಿದ್ದು, ತಟ್ಟೆಗೆ ಬಡಿಸಿದ್ದು, ಮುಟ್ಟಾದಾಗ ಹೆದರಬೇಡ ಎಂದದ್ದು, ಓದು ಬಿಡ್ತೀನಿ ಎಂದಾಗ ಕೆನ್ನೆಗೆ ಎರಡು ಬಿಟ್ಟದ್ದು ಎಲ್ಲ ಅವಳೇ. ಮದುವೆಯಾಗಿ ಸಿದ್ದಾಪುರ ತಾಲ್ಲೂಕಿನ ಹಳ್ಳಿಗೆ ಬಂದ ಮೇಲೆ ಗದ್ದೆ, ಶುಂಠಿ, ನಾಲ್ಕು ದನ, ಇಷ್ಟರಲ್ಲೇ ಅವಳ ದಿನ ಹರಿದುಹೋಗುತ್ತಿತ್ತು. ನನಗೆ ಸಿದ್ದಾಪುರಕ್ಕೆ ವರ್ಗವಾದಾಗ ನನಗಿಂತ ಹೆಚ್ಚು ಖುಷಿಪಟ್ಟವಳು ಅವಳು. ನನಗೆ ಈ ಲೋಕದಲ್ಲಿ ಹೆದರಿಕೆ ಎನ್ನುವುದು ಇದ್ದರೆ ಅದು ಅವಳಿಗೆ ಏನಾದರೂ ಆದರೆ ಎಂಬುದೊಂದೇ.

ಅವತ್ತು ಭಾವ ಫೋನು ಮಾಡಿದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. "ನಿಮ್ಮಕ್ಕಂಗೆ ಜ್ವರ ಬಂದದೆ ಮಾರಾಯ್ತಿ. ತಲೆ ಎತ್ತೂಕೆ ಆಗ್ತಿಲ್ಲ ಅಂತಾಳೆ. ಕಣ್ಣು ಕೆಂಪಗೆ ಕೆಂಡ ಆಗದೆ" ಎಂದರು. ಆಮೇಲೆ ಸ್ವಲ್ಪ ತಡೆದು, "ಹೋದ ವಾರ ನಮ್ಮ ಬೆಟ್ಟದ್ ಹತ್ರ ಒಂದು ಮಂಗ ಸತ್ತು ಬಿದ್ದಿತ್ತು. ದರಕಿಗೆ ಹೋಗಬ್ಯಾಡ ಅಂದೆ, ಕೇಳ್ಲಿಲ್ಲ ಇವಳು" ಎಂದರು. ಪಕ್ಕದಲ್ಲಿದ್ದ ಗಣಿತದ ಮೇಡಂ ನನ್ನ ಮುಖ ನೋಡಿ, "ಮಂಗನ ಕಾಯಿಲೆಯಾ?" ಎಂದು ಕೇಳಿದರು. ನಾನು ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ.

ಸಿದ್ದಾಪುರದ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಕಾಡಿಗೆ ಹೋಗಿದ್ದರಾ? ಮಂಗ ಸತ್ತಿತ್ತಾ? ಎರಡಕ್ಕೂ ಭಾವ ಹೌದು ಎಂದರು. ಅಷ್ಟೇ ಅಲ್ಲ, ಸಾಕ್ಷಿ ಒದಗಿಸುವವರ ಹಾಗೆ ಅಕ್ಕನ ಸೆರಗು ಸರಿಸಿ ಸೊಂಟದ ಕಲೆಯನ್ನೂ ತೋರಿಸಿದರು. "ಉಣುಗು ಕಚ್ಚಿದ್ದು ನೋಡಿ, ಇಲ್ಲಿ ಅದೆ." ಡಾಕ್ಟರು ಕುರ್ಚಿಯಿಂದ ಏಳದೆ ತಲೆಯಾಡಿಸಿದರು. ರಕ್ತ ತೆಗೆದು ಪರೀಕ್ಷೆಗೆ ಹೊರಗೆ ಕಳಿಸಿದರು. ಪ್ಲೇಟ್ಲೆಟ್ ಇಳಿಯುತ್ತಿದೆ, ಶಿರಸಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದರು. ನಾವು ಅವತ್ತೇ ಸಂಜೆ ಶಿರಸಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿನ ಹಿರಿಯ ಡಾಕ್ಟರು ಒಳ್ಳೆಯವರು. ಇದನ್ನು ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ನಿಜ. ಮಂಗನ ಕಾಯಿಲೆ ಜೋರಾಗಿದ್ದ ಒಂದು ವರ್ಷ ಅವರ ಕೈಯಲ್ಲೇ ಕೆಲವರು ಸತ್ತಿದ್ದರಂತೆ. ಒಬ್ಬ ಬಾಣಂತಿಯೂ ಇದ್ದಳಂತೆ, ಅದನ್ನು ಅವರೇ ಹೇಳಿದರು. ಮೊದಲು ಸಾಧಾರಣ ಜ್ವರ ಎಂದುಕೊಂಡು ಮನೆಗೆ ಕಳಿಸಿದ್ದೆ, ಆಮೇಲೆ ಮೂಗಲ್ಲಿ ರಕ್ತ ಸುರಿಸಿಕೊಂಡು ಬಂದಳು ಎಂದರು. ಅವತ್ತಿನಿಂದ ಸಿದ್ದಾಪುರದ ಕಡೆಯಿಂದ ಯಾರೇ ಜ್ವರ ಹೊತ್ತು ಬಂದರೂ ಅವರಿಗೆ ಮೊದಲು ಕಾಣುವುದು ಆ ಬಾಣಂತಿ. ಮಂಗನ ಕಾಯಿಲೆಗೆ ಇಂಥದ್ದೇ ಎಂದು ಔಷಧವಿಲ್ಲ, ಡ್ರಿಪ್ ಹಾಕಿ, ಜ್ವರಕ್ಕೆ ಮಾತ್ರೆ ಕೊಟ್ಟು ಕಾಯಬೇಕು ಎಂದರು. ಕಾದೆವು.

ನಾನು ರಜೆ ಹಾಕಿ ಅಕ್ಕನ ಮಂಚದ ಪಕ್ಕ ಕೂತೆ. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದೆ. ಸೊಂಟದ ಕಲೆಯ ಸುತ್ತ ಕೆಂಪಗೆ ಒಂದು ವೃತ್ತವಿತ್ತು. ಬಟ್ಟೆ ತಾಗಿದರೂ ಅಕ್ಕ ಮಿಸುಕುತ್ತಿರಲಿಲ್ಲ. ಸುಣ್ಣ ಸುಟ್ಟ ಗಾಯ ಉರಿಯುತ್ತದೆ. ನನಗೆ ಗೊತ್ತು, ಚಿಕ್ಕವಳಿದ್ದಾಗ ಇದೇ ಅಕ್ಕ ನನ್ನ ಮೊಣಕಾಲಿಗೆ ಹಚ್ಚಿ ಅಳಿಸಿದ್ದಾಳೆ. "ಇಲ್ಲಿ ನೋವಿಲ್ವನೇ?" ಎಂದು ಕೇಳಿದೆ.

"ಎಂತ ನೋವು? ಉಣುಗು ಕಚ್ಚಿದ್ದು. ಸುಣ್ಣ ಹಚ್ಚಿದ್ದೆ. ತಲೆ ಸಿಡೀತದೆ, ನೀ ಸುಮ್ನಿರೆ" ಎಂದಳು.

ನರ್ಸನ್ನು ಕರೆದು ತೋರಿಸಿದೆ. ಅವಳು ಶಿರಸಿಯ ಪಕ್ಕದ ಹಳ್ಳಿಯ ಹುಡುಗಿ. ಒಂದು ಸಲ ಬಗ್ಗಿ ನೋಡಿ ನಕ್ಕಳು. "ಮೇಡಂ, ನಮ್ಮ ಅಜ್ಜಿ ಮೈತುಂಬ ಇಂಥದ್ದೇ ಇದ್ದು. ಸುಣ್ಣ ಬಿಡು ಅಂದ್ರೆ ಕೇಳ್ತಿಲ್ಲೆ" ಎಂದಳು. ರೌಂಡ್ಸಿಗೆ ಬಂದ ಹಿರಿಯ ಡಾಕ್ಟರಿಗೂ ಹೇಳಿದೆ. ಅವರು ಅಕ್ಕನ ಕಣ್ಣ ರೆಪ್ಪೆ ಎಳೆದು ನೋಡುತ್ತ, "ಉಣುಗು ಕಚ್ಚಿದ ಗುರುತು ತಾನೇ? ಹಾಗಾದರೆ ನಮ್ಮ ಡಯಾಗ್ನೋಸಿಸ್ ಸರಿಯಾಗೇ ಇದೆ ಅಂತಾಯ್ತು" ಎಂದು ಮುಂದಿನ ಮಂಚಕ್ಕೆ ಹೋದರು. ನನಗೆ ಸಿಟ್ಟು ಬಂತು, ಆದರೆ ಏನೆಂದು ವಾದ ಮಾಡಲಿ? ಅದು ಬೇರೆ ಏನೋ ಇರಬಹುದು ಎನ್ನಲು ಆ ಬೇರೆ ಏನೋ ನನಗೆ ಗೊತ್ತಿರಬೇಕಲ್ಲ! ನೋವಿಲ್ಲದ ಕಲೆ ಎಂಬುದು ನನ್ನ ಕೈಯಲ್ಲಿ ಬರೀ ಒಂದು ನೋವಿಲ್ಲದ ಕಲೆಯಾಗಿಯೇ ಉಳಿಯಿತು.

ಅಷ್ಟರಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಮಂಗನ ಕಾಯಿಲೆ ಇಲ್ಲ ಎಂದಿತ್ತು. ನಾನು ಕುಣಿದುಬಿಟ್ಟೆ. ಭಾವನ ಕೈ ಹಿಡಿದು, "ಇಲ್ಲವಂತೆ ಭಾವ, ಇಲ್ಲವಂತೆ!" ಎಂದೆ. ಭಾವ ಮುಖ ಸಪ್ಪಗೆ ಮಾಡಿಕೊಂಡೇ ನಿಂತಿದ್ದರು. "ಹಂಗಂದ್ರೆ ಹೆಂಗೆ? ಮಂಗ ಸತ್ತಿದ್ದು ನಾನೇ ನೋಡೀನಲ್ಲ" ಎಂದರು. ಸರಿ, ಡಾಕ್ಟರಾದರೂ ಬೇರೆ ದಾರಿ ಹಿಡಿದಾರು ಎಂದುಕೊಂಡು ಅವರ ಕೋಣೆಗೆ ಹೋದೆ. ಅವರು ಕಾಗದವನ್ನು ಒಮ್ಮೆ ನೋಡಿ, ಕನ್ನಡಕ ತೆಗೆದು, ಸಮಾಧಾನದ ದನಿಯಲ್ಲಿ ಹೇಳಿದರು: "ಕೆಲವೊಮ್ಮೆ ಮೊದಲ ಸಲ ಬರುವುದಿಲ್ಲ ಮೇಡಂ. ಇನ್ನೊಮ್ಮೆ ಕಳಿಸೋಣ."

"ಇನ್ನೊಮ್ಮೆಯೂ ಇಲ್ಲ ಅಂತ ಬಂದರೆ?"

"ಸ್ಯಾಂಪಲ್ ಸರಿಯಾಗಿ ಹೋಗಿರಲಿಕ್ಕಿಲ್ಲ. ಲಕ್ಷಣ ಎಲ್ಲ ಅದರದ್ದೇ ಇದೆಯಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಹಾಗೆ. ಹೌದು ಎಂದರೆ ಹೌದು, ಇಲ್ಲ ಎಂದರೂ ಹೌದು! ಹಾಗಾದರೆ ರಕ್ತವನ್ನು ಯಾಕೆ ತೆಗೆದದ್ದು, ಶಾಸ್ತ್ರಕ್ಕಾ? ಹಾಗೆಂದು ಕೇಳಿಯೂಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ಆತಂಕ ಅರ್ಥ ಆಗುತ್ತೆ" ಎಂದರು. ಅರ್ಥ ಮಾಡಿಕೊಳ್ಳುವ ಡಾಕ್ಟರಿಗಿಂತ ಜಗಳವಾಡುವ ಡಾಕ್ಟರು ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಪರೀಕ್ಷೆಗಳು ತಪ್ಪುತ್ತವೆ, ಅದನ್ನು ನಾನೂ ಪಾಠ ಮಾಡುತ್ತೇನೆ. ಪರೀಕ್ಷೆ ತಪ್ಪಿದೆ ಎಂದು ನಾವು ತೀರ್ಮಾನಿಸುವುದು ಮಾತ್ರ ನಮಗೆ ಬೇಡದ ಉತ್ತರ ಬಂದಾಗ.

ಆಮೇಲಿನ ದಿನಗಳಲ್ಲಿ ಅಕ್ಕ ಇಳಿದುಹೋದಳು. ಉಸಿರು ಮೇಲೆ ಮೇಲೆ ಬರತೊಡಗಿತು. ಮೂಗಿಗೆ ಆಕ್ಸಿಜನ್ ಹಾಕಿದರು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮೊದಲು ಮಂಪರು ಎಂದುಕೊಂಡೆವು. ಆಮೇಲೆ ನೋಡಿದರೆ ಕಣ್ಣು ಬಿಟ್ಟುಕೊಂಡೇ ಇದ್ದಾಳೆ, ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ, ಕಿವಿಗೆ ಬೀಳುತ್ತಿಲ್ಲ. "ಅವ್ವ ಬಂದಾಳನೇ?" ಎಂದು ನನ್ನನ್ನೇ ಕೇಳಿದಳು. ಅವ್ವ ಸತ್ತು ಎಷ್ಟು ಕಾಲವಾಯಿತು! ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹಿರಿಯ ಡಾಕ್ಟರು ಕರೆದು, ಇಲ್ಲಿ ಇನ್ನು ಆಗುವುದಿಲ್ಲ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಭಾವ ಅಂಬುಲೆನ್ಸು ಮಾತಾಡಲು ಹೊರಗೆ ಹೋದರು. ದಾರಿಯಲ್ಲೇ ಏನಾದರೂ ಆದರೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಮಧ್ಯಾಹ್ನದ ಡ್ಯೂಟಿಗೆ ಬಂದವನು ಒಬ್ಬ ಹೊಸ ಡಾಕ್ಟರು. ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಬಯಲುಸೀಮೆಯವನು, ಹಾವೇರಿ ಕಡೆಯ ಮಾತು. ಮಂಗನ ಕಾಯಿಲೆಯ ರೋಗಿಯನ್ನು ಒಬ್ಬರನ್ನೂ ಕಂಡವನಲ್ಲ, ಅದನ್ನು ತಾನೇ ಹೇಳಿದ. ಕಳಿಸುವ ಮೊದಲು ಒಂದು ಸಲ ಪೂರ್ತಿ ನೋಡಿ ಬರೆಯಬೇಕು ಎಂದು ಪರದೆ ಎಳೆಸಿದ. ನನಗೆ ಅವನ ಮೇಲೂ ಸಿಟ್ಟು. ಅಂಬುಲೆನ್ಸು ಬರುವ ಹೊತ್ತಿಗೆ ಇವನದೊಂದು ರಗಳೆ ಎಂದುಕೊಂಡೆ. ನರ್ಸು ಅಕ್ಕನನ್ನು ಮಗ್ಗುಲಿಗೆ ತಿರುಗಿಸಿದಳು. ಲಂಗದ ಲಾಡಿ ಸಡಿಲಿಸಿದಳು.

"ಇದೇನ್ರಿ ಇದು?" ಎಂದ.

ನಾನು, ನರ್ಸು, ಆಗಷ್ಟೇ ಒಳಗೆ ಬಂದ ಭಾವ, ಮೂವರೂ ಒಟ್ಟಿಗೆ ಹೇಳಿದೆವು: "ಉಣುಗು ಕಚ್ಚಿದ್ದು. ಸುಣ್ಣ."

"ಸುಣ್ಣಾನ? ಸುಣ್ಣ ಯಾಕ?"

ಭಾವ ತಾಳ್ಮೆಗೆಟ್ಟು ವಿವರಿಸಿದರು. ಅವನು ಪೂರ್ತಿ ಕೇಳಿದ. ಆಮೇಲೆ ಕೈಗವಸು ಹಾಕಿದ ಬೆರಳಿಂದ ಹಕ್ಕಳೆಯ ಅಂಚು ಮುಟ್ಟಿ, "ಇಲ್ಲೆ ಹಚ್ಚಿದ್ದನ್ನ ನೀವು ಯಾರರ ನೋಡೀರೇನ್ರಿ?" ಎಂದ.

ಯಾರೂ ನೋಡಿರಲಿಲ್ಲ. ಕಾಲಿಗೆ ಹಚ್ಚಿದ್ದನ್ನು ಭಾವ ನೋಡಿದ್ದರು. ಸೊಂಟಕ್ಕೆ? ಭಾವ ನನ್ನ ಮುಖ ನೋಡಿದರು. ಅಕ್ಕನನ್ನು ಕೇಳೋಣವೆಂದರೆ ಅವಳಿಗೆ ಕೇಳುವುದಿಲ್ಲ. ಅವನು ಕಾಲಿನ ಕಲೆಗಳನ್ನೂ ನೋಡಿದ, ಮತ್ತೆ ಸೊಂಟದ್ದನ್ನು ನೋಡಿದ. ಕಾಲಿನವು ಅಂಚು ಒಡೆದು ಹರಡಿಕೊಂಡಿದ್ದವು. ಸೊಂಟದ್ದು ಬೀಡಿಯ ತುದಿ ಒತ್ತಿದ ಹಾಗೆ ಗುಂಡಗಿತ್ತು. ಅವನು ಬೆರಳಿಟ್ಟು ತೋರಿಸಿದ ಮೇಲೆ ನನಗೂ ಕಂಡಿತು. ಎಷ್ಟು ಚೆನ್ನಾಗಿ ಕಂಡಿತೆಂದರೆ, ಆಮೇಲೆ ಅವೆರಡನ್ನು ಒಂದೇ ಎಂದು ನೋಡಲು ಪ್ರಯತ್ನಪಟ್ಟರೂ ಆಗಲಿಲ್ಲ. ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದದ್ದು ಇದನ್ನೇ! ತಲೆ ಚಚ್ಚಿಕೊಳ್ಳೋಣ ಎನ್ನಿಸಿತು.

"ಇದು ಸ್ಕ್ರಬ್ ಟೈಫಸ್ ಇರಬೇಕ್ರಿ" ಎಂದ. ಪೊದೆ, ಹುಲ್ಲುಗಳಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ನುಸಿ ಇರುತ್ತದಂತೆ. ಬಟ್ಟೆ ಬಿಗಿಯಾಗಿರುವ ಕಡೆ ಹೋಗಿ ಕಚ್ಚುತ್ತದಂತೆ. ಕಚ್ಚಿದ ಕಡೆ ಇಂಥ ನೋವಿಲ್ಲದ ಕರಿ ಹಕ್ಕಳೆ. ಜ್ವರ, ತಲೆನೋವು, ಕೆಂಪು ಕಣ್ಣು, ಪ್ಲೇಟ್ಲೆಟ್ ಇಳಿಯುವುದು, ಉಸಿರು, ಕಿವಿ, ಎಲ್ಲ ಇದರಲ್ಲೂ ಆಗಬಹುದಂತೆ. ಔಷಧವಿದೆಯಂತೆ! ಸಾಧಾರಣ ಔಷಧ, ಯಾವ ಅಂಗಡಿಯಲ್ಲೂ ಸಿಗುವಂಥದ್ದು. ಆ ಮಾತು ಕೇಳಿದಾಗ ನನಗೆ ಸಂತೋಷವಾಗಲಿಲ್ಲ, ಗೋಡೆಗೆ ಏನನ್ನಾದರೂ ಎತ್ತಿ ಒಗೆಯಬೇಕು ಎನ್ನಿಸಿತು. ಇಷ್ಟು ದಿನ ಔಷಧವಿಲ್ಲದ ಕಾಯಿಲೆ ಎಂದು ಕೈಕಟ್ಟಿ ಕೂತಿದ್ದೆವಲ್ಲ, ಆಸ್ಪತ್ರೆಯ ಕೆಳಗಿನ ಔಷಧದಂಗಡಿಯಲ್ಲೇ ಇತ್ತಂತೆ ಅದು!

ಅವನು ಹಿರಿಯ ಡಾಕ್ಟರಿಗೆ ಫೋನು ಮಾಡಿದ. ಅತ್ತ ಕಡೆಯ ಮಾತು ನನಗೆ ಕೇಳಲಿಲ್ಲ. ಇವನು ಮಾತ್ರ "ಹೌದ್ರಿ ಸರ್, ಗೊತ್ತೈತ್ರಿ ಸರ್, ಆದ್ರ ಕೊಟ್ರ ನಷ್ಟ ಏನಿಲ್ಲಲ್ರಿ ಸರ್" ಎನ್ನುತ್ತಿದ್ದ. ಕೊನೆಗೆ ಒಪ್ಪಿಗೆ ಸಿಕ್ಕಿತು. ಅಂಬುಲೆನ್ಸು ಬಾಗಿಲಲ್ಲಿ ನಿಂತಿತ್ತು. ಭಾವನಿಗೆ ಕರೆದುಕೊಂಡು ಹೋಗುವುದೋ, ನಿಲ್ಲುವುದೋ ತಿಳಿಯಲಿಲ್ಲ. ಆ ಹೊಸ ಡಾಕ್ಟರು ನಮ್ಮಿಬ್ಬರನ್ನು ನಿಲ್ಲಿಸಿಕೊಂಡು ನೇರವಾಗಿ ಹೇಳಿದ: "ಈ ಔಷಧಕ್ಕ ಎರಡ ದಿನದಾಗ ಜ್ವರ ಇಳೀಬೇಕ್ರಿ. ಇಳೀಲಿಲ್ಲ ಅಂದ್ರ ನಾ ಹೇಳಿದ್ದು ತಪ್ಪು, ಆಗ ಒಯ್ಯಿರಿ. ಆದ್ರ ಔಷಧ ಈಗ ಹಾಕಿಸಿಕೊಂಡ ಹೋಗ್ರಿ." ಅಷ್ಟು ದಿನದಲ್ಲಿ ತಾನು ತಪ್ಪಿರಬಹುದು ಎಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಆ ಒಂದು ಮಾತಿಗೆ ನಾನು ನಿಂತೆ. "ಭಾವ, ಇಲ್ಲೇ ಇರಲಿ" ಎಂದೆ. ಭಾವ ಬಾಗಿಲಿಗೆ ಒರಗಿ ಕೂತುಬಿಟ್ಟರು.

ಮರುದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿಯಿತು. ಅದರ ಮಾರನೇ ದಿನ ಅಕ್ಕನ ಹಣೆ ತಣ್ಣಗಿತ್ತು. ಉಸಿರು ನೆಟ್ಟಗಾಯಿತು. ಗಂಜಿ ಕೇಳಿದಳು. ನಾನು ಅವಳ ಹಣೆಯ ಮೇಲಿಂದ ಕೈ ತೆಗೆಯದೆ ಎಷ್ಟು ಹೊತ್ತು ಕೂತಿದ್ದೆನೋ.

ಇಲ್ಲಿಗಾದರೂ ನನ್ನ ತಾಪತ್ರಯ ಮುಗಿಯಿತೇ? ಎಲ್ಲಿಂದ! ಹಿರಿಯ ಡಾಕ್ಟರು ಬಂದು ನೋಡಿ ನಿಜವಾಗಿ ಖುಷಿಪಟ್ಟರು. ಅಕ್ಕನ ಕೈ ತಟ್ಟಿದರು. ಆಮೇಲೆ, "ಮಂಗನ ಕಾಯಿಲೆಯಲ್ಲೂ ಈ ಹೊತ್ತಿಗೆ ಜ್ವರ ತಾನಾಗಿ ಬಿಡುತ್ತೆ. ಇನ್ನೊಂದು ಸುತ್ತು ಬರಬಹುದು, ಹುಷಾರಾಗಿರಿ" ಎಂದರು. ಅದೂ ಸುಳ್ಳಲ್ಲವಂತೆ, ಹಾಗೂ ಆಗುತ್ತದಂತೆ! ಭಾವ ಹೊರಗೆ ಬಂದು, ಮಾರಿಕಾಂಬೆಗೆ ಹರಕೆ ಹೊತ್ತಿದ್ದೆ, ಅವತ್ತೇ ಸಂಜೆಯಿಂದ ಇಳೀತು ನೋಡು ಎಂದರು. ಅವರು ಹರಕೆ ಹೊತ್ತದ್ದೂ ಔಷಧ ಹಾಕಿದ್ದೂ ಒಂದೇ ದಿನ.

ಬಿಡುಗಡೆಯ ದಿನ ಆ ಹೊಸ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಕೈಮುಗಿದೆ. ಯಾರಿಗೂ ಕಾಣದ್ದು ನಿಮಗೆ ಹೇಗೆ ಕಂಡಿತಪ್ಪಾ ಎಂದು ಕೇಳಿದೆ. ಅವನು ನಾಚಿಕೊಂಡ. "ನಾ ಕಲಿತ ಆಸ್ಪತ್ರ್ಯಾಗ ಇಂಥಾವು ಭಾಳ ಬರ್ತಿದ್ವು ಮೇಡಂ. ನಮ್ಮ ಸರ್ ಜ್ವರ ಅಂದ ಕೂಡಲೇ ಸೊಂಟ, ಕಂಕಳ ನೋಡ್ರಿ ಅಂತ ಬೈತಿದ್ರು. ಮಂಗನ ಕಾಯಿಲಿ ನನಗ ಗೊತ್ತಿದ್ರ ನಾನೂ ಅದನ್ನ ಅಂತಿದ್ನೇನೋ" ಎಂದ. ಪಕ್ಕದಲ್ಲಿದ್ದ ನರ್ಸು ಕಿಸಕ್ಕನೆ ನಕ್ಕು, ಈಗ ಜ್ವರದವರು ಯಾರು ಬಂದರೂ ಇವರಿಗೆ ಹಕ್ಕಳೆಯೇ ಬೇಕು, ನಿನ್ನೆ ಒಬ್ಬರ ಕಂಕುಳಲ್ಲಿದ್ದ ನರೂಲಿಯನ್ನು ಲೆನ್ಸ್ ಹಿಡಿದು ನೋಡುತ್ತಿದ್ದರು ಎಂದಳು. ಅವನೂ ನಕ್ಕ. ನನಗೆ ನಗು ಬರಲಿಲ್ಲ. ಹಾಗಾದರೆ ಅವನ ಕಣ್ಣು ನಮ್ಮದಕ್ಕಿಂತ ಚುರುಕೇನೂ ಅಲ್ಲ. ಅವನ ತಲೆಯಲ್ಲಿ ತುಂಬಿದ್ದದ್ದು ಬೇರೆ, ನಮ್ಮ ತಲೆಯಲ್ಲಿ ತುಂಬಿದ್ದದ್ದು ಬೇರೆ, ಅಷ್ಟೇ. ನನ್ನ ಅಕ್ಕ ಬದುಕಿದ್ದು ಡ್ಯೂಟಿ ಬದಲಾದದ್ದಕ್ಕೆ.

ಊರಿಗೆ ಬಂದ ಮೇಲೆ ಒಮ್ಮೆ ಭಾವನ ಜೊತೆ ಬೆಟ್ಟದ ಕಡೆ ಹೋಗಿದ್ದೆ. ಮಂಗ ಬಿದ್ದಿದ್ದ ಜಾಗ ತೋರಿಸಿ ಎಂದೆ. ತೋರಿಸಿದರು. ತಲೆಯೆತ್ತಿ ನೋಡಿದರೆ ನೇರ ಮೇಲೆ ಕರೆಂಟಿನ ತಂತಿ. "ಭಾವ, ಶಾಕ್ ಹೊಡೆದು ಸತ್ತಿರಬಹುದಲ್ಲ?" ಎಂದೆ. ಭಾವ ತಂತಿಯನ್ನು ನೋಡಿದರು, ನನ್ನನ್ನು ನೋಡಿದರು. "ಕಾಯಿಲೆ ಬಂದು ತಲೆ ತಿರುಗಿ ತಂತಿ ಹಿಡ್ಕಂಡಿರ್ತದೆ" ಎಂದರು.

ಅಕ್ಕ ಗುಣವಾದಳು. ದನಕ್ಕೆ ಹುಲ್ಲು ಹಾಕುತ್ತಾಳೆ, ಶುಂಠಿ ಕಳೆ ಕೀಳುತ್ತಾಳೆ. ಬಲಗಿವಿ ಮುಕ್ಕಾಲು ಪಾಲು ಸರಿಹೋಯಿತು. ಎಡಗಿವಿ ಹೋಗಿಯೇ ಹೋಯಿತು. ಇನ್ನೂ ನಾಲ್ಕು ದಿನ ಮೊದಲು ಔಷಧ ಬಿದ್ದಿದ್ದರೆ ಉಳಿಯುತ್ತಿತ್ತೋ ಏನೋ, ಯಾರೂ ಹೇಳುವುದಿಲ್ಲ. ಅವಳು ಫೋನನ್ನು ಬಲಗಡೆಗೆ ಬದಲಾಯಿಸಿಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ಆ ಆಸ್ಪತ್ರೆಯ ಕಾರಿಡಾರು ನೆನಪಾಗಿ ರಕ್ತ ಕುದಿಯುತ್ತದೆ.

ಮೊನ್ನೆ ಭಾನುವಾರ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದೆವು. ಅವಳಿಗೆ ಒಂದು ಸಲವಾದರೂ ಸರಿಯಾಗಿ ತಿಳಿಸಲೇಬೇಕು ಎಂದು ಹಟ ಹಿಡಿದು ಶುರುಮಾಡಿದೆ. ಬಲಗಿವಿಯ ಹತ್ತಿರ ಬಾಯಿಟ್ಟು, ಕೇರಿಗೆಲ್ಲ ಕೇಳುವ ಹಾಗೆ ಕೂಗಿದೆ. ಅದು ಮಂಗನ ಕಾಯಿಲೆಯಲ್ಲ, ನುಸಿ ಕಚ್ಚಿದ್ದು, ಆ ಕಲೆ ಸುಣ್ಣದ್ದಲ್ಲ, ಕಾಯಿಲೆಯ ಗುರುತು, ನೀನು ಸೊಂಟಕ್ಕೆ ಸುಣ್ಣ ಹಚ್ಚಿದ್ದು ನಿಜವಾ, ನೆನಪು ಮಾಡಿಕೊಂಡು ಹೇಳು.

"ಹಚ್ಚದೆ ಇರ್ತೀನನೇ?" ಎಂದಳು.

"ಹಚ್ಚಿದ್ದು ನೆನಪದೆಯಾ ಇಲ್ವಾ?"

"ನೆನಪು ಎಂತಕ್ಕೆ? ಕಲೆ ಇತ್ತಲ್ಲ!" ಎಂದು ನನ್ನನ್ನು ದಡ್ಡಿಯ ಹಾಗೆ ನೋಡಿದಳು. "ನೋಡು, ಆ ಡಾಕ್ಟ್ರುಗಳಿಗೆ ಎಂತ ಗೊತ್ತದೆ? ಸುಣ್ಣ ಹಚ್ಚಿದ್ದಕ್ಕೇ ನಂಜೆಲ್ಲ ಅಲ್ಲೇ ಕರ್ರಗೆ ನಿಂತಿದ್ದು. ಇಲ್ದಿದ್ರೆ ನಾನು ಇವತ್ತು ನಿನ್ ಮುಂದೆ ಕೂತಿರ್ತಿದ್ನಾ?"

ನಾನು ಹಣೆ ಹಣೆ ಬಡಿದುಕೊಂಡೆ. ಅವಳ ಗಮನ ಆಗಲೇ ನನ್ನ ಕಾಲಿನ ಮೇಲಿತ್ತು. ಗದ್ದೆಯ ಬದುವಿನ ಮೇಲೆ ನಡೆದು ಬಂದಿದ್ದೆ. ಪಾದದ ಗಂಟಿನ ಹತ್ತಿರ ಏನೋ ಕೆಂಪಗಾಗಿತ್ತು, ನಾನೂ ಆಗಲೇ ನೋಡಿದ್ದು. ತಡಿಯೇ, ನೋಡ್ತೀನಿ, ಮೊದಲು ನೋಡೋಕೆ ಬಿಡೇ ಮಾರಾಯ್ತಿ ಎನ್ನುವಷ್ಟರಲ್ಲಿ ಅವಳ ಬೆರಳು ಸುಣ್ಣದ ಡಬ್ಬಿಗೆ ಹೋಗಿ ಬಂದು ಅಲ್ಲಿ ಒತ್ತಿಯಾಗಿತ್ತು. ಅದು ಗುಂಡಗಿತ್ತೋ, ಉಣುಗಿನದೋ, ಸೊಳ್ಳೆಯದೋ, ಮುಳ್ಳು ಗೀರಿದ್ದೋ, ಇನ್ನು ಯಾವ ಡಾಕ್ಟರು ಬಂದರೂ ತಿಳಿಯುವಂತಿರಲಿಲ್ಲ. ಉರಿ ಶುರುವಾಯಿತು. ಅಕ್ಕ ಎದ್ದು ನನ್ನ ಆಚೆ ಮಗ್ಗುಲಿಗೆ ಬಂದು ಕೂತು, ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬಗ್ಗಿ, ಚಿಕ್ಕವಳಿದ್ದಾಗ ಊದಿದ ಹಾಗೆಯೇ ಉಫ್ ಉಫ್ ಎಂದು ಊದತೊಡಗಿದಳು.

ನಿನಗೆ ಬುದ್ಧಿ ಇಲ್ಲ, ಸತ್ತು ಬದುಕಿದರೂ ಬುದ್ಧಿ ಬರಲಿಲ್ಲ, ನೀನು ಹೋಗಿಬಿಟ್ಟಿದ್ದರೆ ನಾನು ಏನು ಮಾಡಬೇಕಿತ್ತು ಎಂದು ನಾನು ಬೈಯುತ್ತಲೇ ಇದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಬಗ್ಗಿಕೊಂಡು ಊದುತ್ತಲೇ ಇದ್ದಳು. ನಾನು ಕೂತಿದ್ದದ್ದು ಅವಳ ಎಡಗಿವಿಯ ಕಡೆಗೆ.